ಹದಿನಾರಕ್ಕೆ ಮೂರೇ ಅಪವರ್ತನ ಯಾಕಿಲ್ಲ?

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ. ‘100ರ ಒಳಗೆ ಸರಿಯಾಗಿ ಮೂರು ಅಪವರ್ತನಗಳಿರುವ ಸಂಖ್ಯೆಗಳನ್ನೆಲ್ಲ ಬರೆಯಿರಿ’ ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ಅವಳು 4, 9, 16, 25, 36, 49, 64, 81 ಎಂದು ಬರೆದಳು. ‘ವರ್ಗ ಸಂಖ್ಯೆಗೆ ಒಂದು, ವರ್ಗಮೂಲ, ಆ ಸಂಖ್ಯೆ, ಹೀಗೆ ಮೂರು ಅಪವರ್ತನ ತಾನೆ?’ ಎನ್ನುತ್ತಾಳೆ. ಟೀಚರ್ 4, 9, 25, 49 ಮಾತ್ರ ಉಳಿಸಿ ಮಿಕ್ಕದ್ದನ್ನು ಹೊಡೆದುಹಾಕಿದ್ದಾರೆ. ಇನ್ನೊಂದು ಕಡೆ 91 ಅವಿಭಾಜ್ಯ ಎಂದು ಬರೆದು ಅಂಕ ಕಳೆದುಕೊಂಡಿದ್ದಾಳೆ. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ತಿಳಿಯಲು ಎಲ್ಲಿಯವರೆಗೆ ಭಾಗಿಸಿ ನೋಡಬೇಕು? 1 ಯಾಕೆ ಅವಿಭಾಜ್ಯ ಅಲ್ಲ? ಅವಳಿಗೆ ಅರ್ಥವಾಗುವ ಹಾಗೆ ಹೇಳಿ.

ಉತ್ತರ: ನಿಮ್ಮ ಮಗಳು ಮಾಡಿದ್ದು ಒಳ್ಳೆಯ ತಪ್ಪು. ಮೂರು ಅಪವರ್ತನ ಎಂದ ಕೂಡಲೇ ಅವಳು ವರ್ಗ ಸಂಖ್ಯೆಗಳ ಕಡೆಗೇ ಹೋದಳು ನೋಡಿ, ಅಲ್ಲಿಗೆ ಅರ್ಧ ಲೆಕ್ಕ ಆಗಿಹೋಗಿತ್ತು. ಮೂರು ಅಪವರ್ತನ ಇರಬೇಕಾದರೆ ಅದು ವರ್ಗ ಸಂಖ್ಯೆಯೇ ಆಗಿರಬೇಕು. ಆದರೆ ವರ್ಗ ಸಂಖ್ಯೆಯಾಗಿದ್ದರೆ ಸಾಲದು. ಟೀಚರ್ ಹೊಡೆದದ್ದು ಸರಿಯೇ.

ನೀವು ಕೇಳಿರುವುದು ಬೇರೆ ಬೇರೆ ಪ್ರಶ್ನೆಗಳ ಹಾಗೆ ಕಾಣುತ್ತವೆ. ಆದರೆ ಎಲ್ಲದರ ಉತ್ತರವೂ ಒಂದೇ ಜಾಗದಲ್ಲಿದೆ. ಅಪವರ್ತನಗಳು ಒಂಟಿಯಾಗಿ ಬರುವುದಿಲ್ಲ, ಜೋಡಿಯಾಗಿ ಬರುತ್ತವೆ. ಇದೊಂದನ್ನು ಕಣ್ಣಾರೆ ನೋಡಿದರೆ ಉಳಿದದ್ದು ಹಿಂದೆಯೇ ಬರುತ್ತದೆ.

ಕಣ್ಣಾರೆ ಅಂದೆ, ಹಾಗಾಗಿ ಒಂದು ಹಿಡಿ ಹುಣಸೆ ಬೀಜ ತರಲು ಹೇಳಿ. ಅದರಲ್ಲಿ 12 ಬೀಜ ಎಣಿಸಿ, ಸಾಲು ಸಾಲಾಗಿ ಜೋಡಿಸಲಿ. ಎಲ್ಲ ಸಾಲಿನಲ್ಲೂ ಒಂದೇ ಸಮ ಬೀಜ ಇರಬೇಕು, ಒಂದೂ ಮಿಗಬಾರದು. ಮೊದಲು ಎಲ್ಲವೂ ಒಂದೇ ಉದ್ದ ಸಾಲು: 1 × 12. ಆಮೇಲೆ 2 ಸಾಲು, ಸಾಲಿಗೆ 6. ಆಮೇಲೆ 3 ಸಾಲು, ಸಾಲಿಗೆ 4. ಅಷ್ಟೇ. ಆಯತವನ್ನು ತಿರುಗಿಸಿಟ್ಟರೆ ಅದೇ ಆಯತ, ಹೊಸದಲ್ಲ. ಮೂರು ಆಯತ, ಒಂದೊಂದಕ್ಕೂ ಎರಡು ಬದಿ. ಹಾಗಾಗಿ 12ಕ್ಕೆ 6 ಅಪವರ್ತನ: 1, 2, 3, 4, 6, 12.

ಈಗ ಇನ್ನೊಂದು ಬೀಜ ಸೇರಿಸಿ. 13 ಆಯಿತು. 2 ಸಾಲು ಮಾಡಿದರೆ ಒಂದು ಬೀಜ ಮಿಗುತ್ತದೆ, 3 ಸಾಲು ಮಾಡಿದರೂ ಒಂದು ಮಿಗುತ್ತದೆ, 4 ಮಾಡಿದರೂ ಒಂದು. ಉದ್ದ ಸಾಲು ಬಿಟ್ಟರೆ ಬೇರೆ ಆಯತವೇ ಇಲ್ಲ. ಅವಿಭಾಜ್ಯ ಎಂದರೆ ಇದೇ. ಒಂದೇ ಆಯತ, ಒಂದೇ ಜೋಡಿ, ಎರಡೇ ಅಪವರ್ತನ.

ಇನ್ನು ಅವಳು ಎಡವಿದ 16ಕ್ಕೆ ಬನ್ನಿ. 1 × 16 ಆಗುತ್ತದೆ. 2 × 8 ಆಗುತ್ತದೆ. 4 × 4 ಆಗುತ್ತದೆ. ಮೊದಲ ಎರಡು ಆಯತಗಳು ಎರಡೆರಡು ಅಪವರ್ತನ ಕೊಟ್ಟವು. ಕೊನೆಯದು ಚೌಕ, ಅದರ ಎರಡು ಬದಿಯೂ ಒಂದೇ, ಹಾಗಾಗಿ ಅದು ಕೊಡುವುದು ಒಂದೇ ಅಪವರ್ತನ. ಒಟ್ಟು ಐದು: 1, 2, 4, 8, 16. ಅವಳು ಮರೆತದ್ದು 2 × 8ನ್ನು, ಅಷ್ಟೇ. 1ನ್ನೂ 16ನ್ನೂ ನಡುವಿನ 4ನ್ನೂ ಹಿಡಿದು, ನಡುವೆ ಇದ್ದ ಇನ್ನೊಂದು ಜೋಡಿಯನ್ನು ಬಿಟ್ಟಳು.

ಇದು ಯಾವ ಸಂಖ್ಯೆಗಾದರೂ ನಿಜ. ಒಂದು ಸಂಖ್ಯೆಯನ್ನು ಅದರ ಯಾವುದೇ ಅಪವರ್ತನದಿಂದ ಭಾಗಿಸಿ, ಬರುವ ಉತ್ತರವೂ ಅಪವರ್ತನವೇ. ಅದೇ ಅದರ ಜೊತೆಗಾರ. 36ರಲ್ಲಿ 2ಕ್ಕೆ 18 ಜೊತೆ, 3ಕ್ಕೆ 12, 4ಕ್ಕೆ 9. ತನಗೆ ತಾನೇ ಜೊತೆಯಾಗುವುದು ಒಂದು ಸಂದರ್ಭದಲ್ಲಿ ಮಾತ್ರ: ಆ ಅಪವರ್ತನವನ್ನು ಅದರಿಂದಲೇ ಗುಣಿಸಿದರೆ ಮೂಲ ಸಂಖ್ಯೆ ಬರಬೇಕು. ಅಂದರೆ ಅದು ವರ್ಗಮೂಲ ಆಗಿರಬೇಕು. 36ರಲ್ಲಿ ಅದು 6. ವರ್ಗ ಸಂಖ್ಯೆಗೆ ಇಂಥ ಒಂಟಿ ಒಂದೇ ಇರುತ್ತದೆ, ಉಳಿದವೆಲ್ಲ ಜೋಡಿ. ಹಾಗಾಗಿ ವರ್ಗ ಸಂಖ್ಯೆಗಳ ಅಪವರ್ತನಗಳ ಎಣಿಕೆ ಯಾವಾಗಲೂ ಬೆಸ. ಬೇರೆ ಎಲ್ಲ ಸಂಖ್ಯೆಗಳದ್ದೂ ಸಮ. ಇದಕ್ಕೆ ಒಂದೂ ಅಪವಾದ ಇಲ್ಲ. ಮಕ್ಕಳು ಇದನ್ನು ಮೊದಲ ಸಲ ತಾವೇ ಕಂಡುಕೊಂಡಾಗ ಅವರ ಮುಖ ನೋಡಬೇಕು. ನಿಯಮ ಅಂತ ಬಾಯಿಪಾಠ ಮಾಡಿಸಿದರೆ ಆ ಖುಷಿ ಹೋಗಿಬಿಡುತ್ತದೆ. ಅದಕ್ಕೇ ಬೀಜ ತರಲು ಹೇಳಿದ್ದು.

ಹಾಗಾದರೆ ಸರಿಯಾಗಿ ಮೂರು ಎಂದರೆ? ಮೂರು ಬೆಸ, ಆದ್ದರಿಂದ ಅದು ವರ್ಗ ಸಂಖ್ಯೆ. ಎರಡು ಜಾಗ 1ಕ್ಕೆ ಮತ್ತು ಆ ಸಂಖ್ಯೆಗೇ ಹೋದವು. ಉಳಿದದ್ದು ನಡುವಿನ ವರ್ಗಮೂಲ ಒಂದೇ. ಆ ವರ್ಗಮೂಲಕ್ಕೆ ತನ್ನದೇ ಬೇರೆ ಅಪವರ್ತನ ಇದ್ದರೆ ಕಥೆ ಕೆಟ್ಟಿತು. 16ರ ವರ್ಗಮೂಲ 4, ಆ 4ರೊಳಗೆ 2 ಕೂತಿದೆ. 4ನ್ನು ಭಾಗಿಸುವ 2, 16ನ್ನೂ ಭಾಗಿಸಲೇಬೇಕು ಅಲ್ವಾ? ಅದು ಬಂದರೆ ಅದರ ಜೊತೆಗಾರ 8 ಸಹ ಬರುತ್ತದೆ. ಹೀಗೆ ಯಾರೂ ನುಸುಳಬಾರದು ಎಂದಾದರೆ ವರ್ಗಮೂಲವೇ ಅವಿಭಾಜ್ಯ ಆಗಿರಬೇಕು. 2, 3, 5, 7 ಇವುಗಳ ವರ್ಗ 4, 9, 25, 49. ಟೀಚರ್ ಉಳಿಸಿದ್ದು ಇವನ್ನೇ. ಮುಂದಿನದು 11ರ ವರ್ಗ 121, ಅದು 100 ದಾಟಿತು.

ಅವಳನ್ನು ಇನ್ನೂ ಸ್ವಲ್ಪ ಕೆಣಕಬೇಕೆಂದರೆ, ಸರಿಯಾಗಿ ಐದು ಅಪವರ್ತನ ಇರುವವು ಯಾವುವು ಎಂದು ಕೇಳಿ. 100ರ ಒಳಗೆ ಎರಡೇ ಇವೆ, 16 ಮತ್ತು 81. ಯಾಕೆ ಎರಡೇ ಎಂದು ಅವಳೇ ಹುಡುಕಲಿ.

ಈಗ 91. ಇದು ಬಹಳ ಜನರನ್ನು ಏಮಾರಿಸುವ ಸಂಖ್ಯೆ. ಸಮ ಅಲ್ಲ, 5ರಲ್ಲಿ ಮುಗಿಯುವುದಿಲ್ಲ, ಅಂಕಿ ಕೂಡಿದರೆ 10, ಹಾಗಾಗಿ 3 ಸಹ ಹೋಗುವುದಿಲ್ಲ. ಹತ್ತರವರೆಗಿನ ಮಗ್ಗಿಯಲ್ಲಿ ಎಲ್ಲೂ ಸಿಗುವುದಿಲ್ಲ. ಆದರೆ ಹದಿಮೂರರ ಮಗ್ಗಿ ಹೇಳಿಸಿ ನೋಡಿ: ಹದಿಮೂರೇಳ್ಲಿ ತೊಂಬತ್ತೊಂದು! ಇಪ್ಪತ್ತರವರೆಗೆ ಮಗ್ಗಿ ಕಲಿತ ಅಜ್ಜ ಅಜ್ಜಿಯರು ಇದರಲ್ಲಿ ಮೋಸ ಹೋಗುವುದಿಲ್ಲ. 51, 57, 87 ಸಹ ಇದೇ ಜಾತಿ, ನೋಡಲು ಅವಿಭಾಜ್ಯದ ಹಾಗೆ. ಆದರೆ ಅವುಗಳ ಅಂಕಿ ಕೂಡಿದರೆ 3ರ ಗುಟ್ಟು ಹೊರಬೀಳುತ್ತದೆ.

1ರಿಂದ 100ರವರೆಗೆ ಚೌಕಟ್ಟಿನಲ್ಲಿ ಬರೆದು ಅಪವರ್ತ್ಯಗಳನ್ನು ಹೊಡೆಯುತ್ತಾ ಹೋಗುವ ಎರಟೋಸ್ಥೆನಿಸನ ಜರಡಿಯನ್ನು ಅವಳು ಶಾಲೆಯಲ್ಲಿ ಮಾಡಿರಬಹುದು. ಮೊದಲು 1ನ್ನು ಬದಿಗಿಟ್ಟು, 2ರ ಅಪವರ್ತ್ಯ ಹೊಡೆಯಿರಿ, ಆಮೇಲೆ 3ರದ್ದು, 5ರದ್ದು, 7ರದ್ದು. 7ರ ಸರದಿ ಬಂದಾಗ ಹೊಸದಾಗಿ ಹೊಡೆಯಲು ಉಳಿದಿರುವುದು ಮೂರೇ ಸಂಖ್ಯೆ: 49, 77, 91. ಮಿಕ್ಕದ್ದೆಲ್ಲ ಆಗಲೇ 2, 3, 5 ನುಂಗಿರುತ್ತವೆ. ಅಂದರೆ ಇಡೀ ಜರಡಿಯಲ್ಲಿ ಕಟ್ಟಕಡೆಗೆ ಬೀಳುವುದು ಈ 91. ಅದು ಬಿದ್ದ ಮೇಲೆ ಉಳಿಯುವ 25 ಸಂಖ್ಯೆಗಳೂ ಅವಿಭಾಜ್ಯ.

7ಕ್ಕೇ ಯಾಕೆ ನಿಲ್ಲಿಸುತ್ತೇವೆ, 11ರದ್ದನ್ನು ಯಾಕೆ ಹೊಡೆಯುವುದಿಲ್ಲ? ನಿಮ್ಮ ‘ಎಲ್ಲಿಯವರೆಗೆ ಭಾಗಿಸಬೇಕು’ ಎಂಬ ಪ್ರಶ್ನೆಯೂ ಇದೇ. ಮತ್ತೆ ಜೋಡಿಗೆ ಬನ್ನಿ. ಎರಡು ಸಂಖ್ಯೆ ಗುಣಿಸಿದರೆ 100 ಅಥವಾ ಅದಕ್ಕಿಂತ ಕಡಿಮೆ ಬರಬೇಕು ಎಂದುಕೊಳ್ಳಿ. ಎರಡೂ 10ಕ್ಕಿಂತ ದೊಡ್ಡದಾಗಿರಲು ಸಾಧ್ಯವೇ? ಆಗುವುದಿಲ್ಲ, ಗುಣಲಬ್ಧ 100 ದಾಟಿಬಿಡುತ್ತದೆ. ಆದ್ದರಿಂದ ಜೋಡಿಯಲ್ಲಿ ಒಬ್ಬರಾದರೂ ವರ್ಗಮೂಲದ ಈಚೆಗೆ ಇರಲೇಬೇಕು. ಈಚೆ ಯಾರೂ ಸಿಗಲಿಲ್ಲ ಎಂದರೆ ಆಚೆಯೂ ಯಾರೂ ಇಲ್ಲ. ಹಾಗಾಗಿ ವರ್ಗಮೂಲದವರೆಗೆ ನೋಡಿದರೆ ಸಾಕು. ಅದರಲ್ಲೂ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು, ಯಾಕೆಂದರೆ 2 ಹೋಗದ ಕಡೆ 4, 6, 8 ಯಾವುದೂ ಹೋಗುವುದಿಲ್ಲ.

ಸ್ವಲ್ಪ ದೊಡ್ಡ ಸಂಖ್ಯೆ ತೊಗೊಳ್ಳೋಣ, 2027. ಇದಕ್ಕೆ ಹತ್ತಿರದ ವರ್ಗ 2025, ಅಂದರೆ 45ರ ವರ್ಗ. 46ರ ವರ್ಗ 2116, ಅದು ಜಾಸ್ತಿ ಆಯಿತು. ಆದ್ದರಿಂದ 45ರ ಒಳಗಿನ ಅವಿಭಾಜ್ಯಗಳು ಸಾಕು: 2, 3, 5, 7, 11, 13, 17, 19, 23, 29, 31, 37, 41, 43. ಹದಿನಾಲ್ಕೇ ಭಾಗಾಕಾರ. 7ರಿಂದ ಭಾಗಿಸಿದರೆ 4 ಉಳಿಯುತ್ತದೆ, 11ರಿಂದ 3, 13ರಿಂದ 12, ಹೀಗೆ ಹೋಗಿ ಕೊನೆಗೆ 43ರಿಂದ ಭಾಗಿಸಿದರೆ 6. ಯಾವುದೂ ಸರಿಯಾಗಿ ಹೋಗಲಿಲ್ಲ. 2027 ಅವಿಭಾಜ್ಯ. 2026ರವರೆಗಿನ ಎಲ್ಲ ಸಂಖ್ಯೆಗಳಿಂದ ಭಾಗಿಸುವ ಬದಲು ಹದಿನಾಲ್ಕರಲ್ಲಿ ಕೆಲಸ ಮುಗಿಯಿತು. ಇದು ಸುಮ್ನೆ ಸುಲಭದ ದಾರಿಯಲ್ಲ, ಪೂರ್ತಿ ಸಾಧನೆಯೇ. ಬೇರೆ ಅಪವರ್ತನ ಇಲ್ಲವೇ ಇಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಜೋಡಿಗಳನ್ನು ಸಾಲಾಗಿ ಬರೆದರೆ ಅದಕ್ಕೆ ಎರಡು ತುದಿ ಇವೆ, ಒಂದು ನಡು ಇದೆ. ತುದಿಯಲ್ಲಿ 1 ಮತ್ತು ಆ ಸಂಖ್ಯೆ. ನಡುವಿನಲ್ಲಿ ವರ್ಗಮೂಲ. ನಾವು 2, 3, 5 ಎಂದು ಭಾಗಿಸುತ್ತಾ ಹೋಗುವಾಗ ತುದಿಯಿಂದ ನಡುವಿನ ಕಡೆಗೆ ನಡೆಯುತ್ತೇವೆ. ಹಾಗಾದರೆ ನಡುವಿನಿಂದ ಹೊರಗೆ ನಡೆಯಬಾರದೇಕೆ?

2021 ನೋಡಿ. ತುದಿಯಿಂದ ಶುರು ಮಾಡಿದರೆ ಹದಿಮೂರನೇ ಅವಿಭಾಜ್ಯವಾದ 41ರವರೆಗೂ ಏನೂ ಸಿಗುವುದಿಲ್ಲ. ಬೇಸರ ಬಂದು ‘ಅವಿಭಾಜ್ಯ’ ಎಂದು ಬರೆದುಬಿಡಬೇಕು ಅನಿಸುತ್ತದೆ. ಈಗ ನಡುವಿನಿಂದ ಬನ್ನಿ. 45ರ ವರ್ಗ 2025. ಅದರಿಂದ 2021 ಕಳೆದರೆ 4, ಅಂದರೆ 2ರ ವರ್ಗ. ಹಾಗಾಗಿ 2021 ಎಂದರೆ 45ರ ವರ್ಗದಿಂದ 2ರ ವರ್ಗ ಕಳೆದದ್ದು. ವರ್ಗಗಳ ವ್ಯತ್ಯಾಸವನ್ನು ಒಡೆಯುವುದು ಹೇಗೆಂದು ಅವಳು ಮುಂದಿನ ತರಗತಿಗಳಲ್ಲಿ ಕಲಿಯುತ್ತಾಳೆ: ಎರಡನ್ನೂ ಕಳೆದು ಒಂದು, ಕೂಡಿ ಇನ್ನೊಂದು. 45ರಿಂದ 2 ಕಳೆದರೆ 43, ಕೂಡಿದರೆ 47. 43 × 47 = 2021. ಒಂದೇ ಹೆಜ್ಜೆ!

ನಮ್ಮ ದೇಶದ ನಾರಾಯಣ ಪಂಡಿತ 1356ರಲ್ಲಿ ಬರೆದ ‘ಗಣಿತ ಕೌಮುದಿ’ಯಲ್ಲಿ ಈ ವಿಧಾನ ಇದೆ. ಅದಾಗಿ ಸುಮಾರು ಮುನ್ನೂರು ವರ್ಷದ ಮೇಲೆ ಫ್ರಾನ್ಸಿನ ಪಿಯರ್ ಡಿ ಫೆರ್ಮಾ ಇದನ್ನೇ ಕಂಡುಕೊಂಡ. ಇವತ್ತು ಇದಕ್ಕೆ ಫೆರ್ಮಾನ ಹೆಸರೇ ನಿಂತಿದೆ. ಫೆರ್ಮಾ ಒಡೆದು ತೋರಿಸಿದ ಸಂಖ್ಯೆ 2027651281. ಇದರ ವರ್ಗಮೂಲ 45029 ಚಿಲ್ಲರೆ. ಹಾಗಾಗಿ 45030ರಿಂದ ಶುರು ಮಾಡಬೇಕು. ಅದರ ವರ್ಗದಿಂದ ಮೂಲ ಸಂಖ್ಯೆ ಕಳೆದು, ಉಳಿದದ್ದು ವರ್ಗ ಸಂಖ್ಯೆಯೇ ಎಂದು ನೋಡಬೇಕು. ಅಲ್ಲದಿದ್ದರೆ 45031, ಆಮೇಲೆ 45032. ಹನ್ನೆರಡನೇ ಪ್ರಯತ್ನ 45041. ಅದರ ವರ್ಗದಿಂದ ಕಳೆದರೆ 1040400 ಉಳಿಯುತ್ತದೆ, ಅದು 1020ರ ವರ್ಗ. ಆದ್ದರಿಂದ ಆ ಸಂಖ್ಯೆ 44021 × 46061. ತುದಿಯಿಂದ ಹೊರಟಿದ್ದರೆ ನಾಲ್ಕು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿಂದ ಭಾಗಿಸಬೇಕಿತ್ತು. ಕೈಯಲ್ಲಿ ಲೆಕ್ಕ ಮಾಡುತ್ತಿದ್ದ ಕಾಲ ಅದು.

ಹಾಗೆಂದು ನಡುವಿನ ದಾರಿಯೇ ಯಾವಾಗಲೂ ಹತ್ತಿರ ಅಲ್ಲ. 2019ನ್ನು ತೊಗೊಂಡರೆ ಅದು 3 × 673. ತುದಿಯಿಂದ ಎರಡನೇ ಹೆಜ್ಜೆಗೇ 3 ಸಿಕ್ಕಿತು. ನಡುವಿನಿಂದ ಹೊರಟರೆ 45ರಿಂದ 338ರವರೆಗೆ ಒಂದೊಂದೇ ಪರೀಕ್ಷಿಸಬೇಕು, 294 ಹೆಜ್ಜೆ. ಜೋಡಿ ಹತ್ತಿರ ಹತ್ತಿರ ಇದ್ದರೆ ನಡುವಿನಿಂದ ಹೋಗಿ, ದೂರ ದೂರ ಇದ್ದರೆ ತುದಿಯಿಂದ. ಯಾವುದು ಎಂದು ಮೊದಲೇ ಗೊತ್ತಿರುವುದಿಲ್ಲ. ನಾನಾದರೆ ಸಣ್ಣ ಅವಿಭಾಜ್ಯಗಳಿಂದ ಭಾಗಿಸಿ ನೋಡಿ, ಆಮೇಲೆ ನಡುವಿನಿಂದ ಒಂದೆರಡು ಹೆಜ್ಜೆ ಹಾಕಿ ನೋಡುತ್ತೇನೆ. ಇಂಟರ್ನೆಟ್ಟಿನಲ್ಲಿ ಗುಟ್ಟು ಕಾಯಲು ಬಳಸುವ ಆರ್‌ಎಸ್‌ಎ ಎಂಬ ವಿಧಾನ 1977ರದ್ದು. ಅದರಲ್ಲಿ ಎರಡು ಭಾರಿ ಅವಿಭಾಜ್ಯಗಳನ್ನು ಗುಣಿಸಿ ಇಟ್ಟಿರುತ್ತಾರೆ. ಅವೆರಡೂ ತೀರಾ ಹತ್ತಿರ ಇರದ ಹಾಗೆ ಎಚ್ಚರ ವಹಿಸಬೇಕು. ಇದ್ದರೆ ಈ ಹಳೆಯ ದಾರಿಯಲ್ಲೇ ಬೀಗ ಒಡೆಯಬಹುದು.

1ರ ವಿಚಾರ ಚಿಕ್ಕದು. ಒಂದೇ ಬೀಜ, ಒಂದೇ ಆಯತ, ಆದರೆ ಅದು 1 × 1ರ ಚೌಕ. ಅಪವರ್ತನ ಒಂದೇ. ಅವಿಭಾಜ್ಯಕ್ಕೆ ಎರಡು ಬೇಕು. ಹಾಗಾಗಿ 1 ವರ್ಗ ಸಂಖ್ಯೆ ಹೌದು, ಅವಿಭಾಜ್ಯ ಅಲ್ಲ. ಇದು ನಾವು ಮಾಡಿಕೊಂಡ ಒಪ್ಪಂದವೇ. ಹಿಂದೆ ಕೆಲವು ಗಣಿತಜ್ಞರು 1ನ್ನೂ ಸೇರಿಸುತ್ತಿದ್ದರು. 1914ರಲ್ಲಿ ಡಿ. ಎನ್. ಲೆಹ್ಮರ್ ಪ್ರಕಟಿಸಿದ ಅವಿಭಾಜ್ಯಗಳ ದೊಡ್ಡ ಪಟ್ಟಿ ಶುರುವಾಗುವುದೇ 1ರಿಂದ. ಆಮೇಲೆ ಅದನ್ನು ಹೊರಗಿಟ್ಟದ್ದಕ್ಕೆ ಒಳ್ಳೆಯ ಕಾರಣ ಇದೆ. 360ನ್ನು ಯಾರು ಎಲ್ಲಿಂದ ಒಡೆಯಲು ಶುರು ಮಾಡಿದರೂ ಕೊನೆಗೆ ಸಿಗುವುದು 2 ಮೂರು ಸಲ, 3 ಎರಡು ಸಲ, 5 ಒಂದು ಸಲ. ಬೇರೆ ಉತ್ತರ ಬರುವುದೇ ಇಲ್ಲ. 1ನ್ನು ಒಳಗೆ ಬಿಟ್ಟರೆ ಅದನ್ನು ಎಷ್ಟು ಸಲ ಬೇಕಾದರೂ ಗುಣಿಸಬಹುದು, ಆಗ ಈ ಮಾತು ನಿಲ್ಲುವುದಿಲ್ಲ.

ಈ ‘ಎಷ್ಟು ಸಲ’ ಎಂಬುದು ಬಹಳ ಬಲವಾದ ಆಯುಧ. ಅವಳಿಗೆ ಇದನ್ನು ಈಗಲೇ ಕೊಡಿ. 60 ಎಂದರೆ 2 × 2 × 3 × 5. 60ರ ವರ್ಗ ಮಾಡಿದರೆ ಇಡೀ ಸಾಲು ಎರಡು ಸಲ ಬರುತ್ತದೆ: 2 ನಾಲ್ಕು ಸಲ, 3 ಎರಡು ಸಲ, 5 ಎರಡು ಸಲ. ಎಲ್ಲವೂ ಸಮ. ಯಾವ ಪೂರ್ಣ ವರ್ಗವನ್ನು ಒಡೆದರೂ ಹೀಗೇ. ಒಂದು ಅವಿಭಾಜ್ಯ ಬೆಸ ಸಲ ಬಂದರೂ ಅದು ವರ್ಗ ಅಲ್ಲ. 360ನ್ನು ಎಷ್ಟರಿಂದ ಗುಣಿಸಿದರೆ ಪೂರ್ಣ ವರ್ಗ ಆಗುತ್ತದೆ ಎಂದು ಪರೀಕ್ಷೆಯಲ್ಲಿ ಕೇಳುತ್ತಾರಲ್ಲ, ಅಲ್ಲಿ ಮಾಡುವುದೂ ಇಷ್ಟೇ. 2 ಮೂರು ಸಲ ಇದೆ, ಇನ್ನೊಂದು ಬೇಕು. 5 ಒಂದೇ ಇದೆ, ಇನ್ನೊಂದು ಬೇಕು. 10ರಿಂದ ಗುಣಿಸಿದರೆ 3600, ಅದು 60ರ ವರ್ಗ.

ಅಪವರ್ತನಗಳನ್ನು ಎಣಿಸಲೂ ಇದೇ ಸಾಕು. 360ರ ಒಂದು ಅಪವರ್ತನ ಕಟ್ಟಬೇಕೆಂದರೆ 2ನ್ನು ಸೊನ್ನೆಯಿಂದ ಮೂರು ಸಲದವರೆಗೆ ತೊಗೊಳ್ಳಬಹುದು, ನಾಲ್ಕು ದಾರಿ. 3ಕ್ಕೆ ಮೂರು ದಾರಿ, 5ಕ್ಕೆ ಎರಡು. 4 × 3 × 2 = 24 ಅಪವರ್ತನ. ಈ ಗುಣಲಬ್ಧ ಬೆಸ ಆಗಬೇಕಾದರೆ ಪ್ರತಿಯೊಂದೂ ಬೆಸ ಆಗಬೇಕು, ಅಂದರೆ ಪ್ರತಿ ಅವಿಭಾಜ್ಯವೂ ಸಮ ಸಲ ಬಂದಿರಬೇಕು. ಅದು ಪೂರ್ಣ ವರ್ಗವೇ! ಹುಣಸೆ ಬೀಜ ಹೇಳಿದ ಮಾತನ್ನೇ ಇದೂ ಹೇಳಿತು.

ನನಗೆ ತುಂಬಾ ಇಷ್ಟವಾದ ಒಂದು ಲೆಕ್ಕ ಇಲ್ಲಿ ಹೇಳುತ್ತೇನೆ. 1, 2, 3, 4, 5 ಈ ಐದು ಅಂಕಿಗಳನ್ನು ಒಂದೊಂದೇ ಸಲ ಬಳಸಿ ಐದಂಕಿಯ ಸಂಖ್ಯೆ ಮಾಡಿ. 12345, 31452, 54321, ಹೀಗೆ 120 ಸಂಖ್ಯೆ ಆಗುತ್ತವೆ. ಇವುಗಳಲ್ಲಿ ಪೂರ್ಣ ವರ್ಗ ಎಷ್ಟು? ಒಂದೂ ಇಲ್ಲ. 120ರ ವರ್ಗಮೂಲ ತೆಗೆಯುತ್ತಾ ಕೂರಬೇಕಿಲ್ಲ. ಹೇಗೆ ಬರೆದರೂ ಅಂಕಿಗಳ ಮೊತ್ತ 15. ಹಾಗಾಗಿ 3 ಹೋಗುತ್ತದೆ, 9 ಹೋಗುವುದಿಲ್ಲ. ಅಂದರೆ 3 ಸರಿಯಾಗಿ ಒಂದೇ ಸಲ ಇದೆ. ಒಂದು ಬೆಸ. ಮುಗಿಯಿತು. 120 ಸಂಖ್ಯೆಗಳೂ ಒಟ್ಟಿಗೆ ಹೊರಗೆ. 1ರಿಂದ 9ರವರೆಗೆ ಎಲ್ಲ ಅಂಕಿ ಬಳಸಿದರೆ ಮೊತ್ತ 45, ಆಗ 9 ಹೋಗುತ್ತದೆ, ಈ ತಡೆ ಇರುವುದಿಲ್ಲ. ಅಲ್ಲಿ ವರ್ಗಗಳು ನಿಜವಾಗಿಯೂ ಸಿಗುತ್ತವೆ: 139854276 ಎಂದರೆ 11826ರ ವರ್ಗ.

ಬೀಜ ಎತ್ತಿಡುವ ಮೊದಲು ಇನ್ನೊಂದು ಆಟ ಆಡಿಸಿ. ಚೌಕಾಬಾರದ ಮನೆ 5 × 5 ಇರುತ್ತದೆ, ಕೆಲವು ಕಡೆ 7 × 7 ಸಹ ಆಡುತ್ತಾರೆ. ಒಂದೊಂದು ಮನೆಗೆ ಒಂದು ಬೀಜದಂತೆ ಎರಡು ಚಿಕ್ಕ ಹಾಸು ತುಂಬಿಸಿ. 25 ಮತ್ತು 25, ಒಟ್ಟು 50 ಬೀಜ. ಅವನ್ನೆಲ್ಲ ತೆಗೆದು ದೊಡ್ಡ ಹಾಸಿನ ಮೇಲೆ ಇಡಿ. 49 ಮನೆ ತುಂಬಿ ಒಂದು ಬೀಜ ಕೈಯಲ್ಲಿ ಉಳಿಯುತ್ತದೆ. ಎಷ್ಟು ಹತ್ತಿರ! 12 × 12ರ ಎರಡು ಹಾಸಿನ ಬೀಜ 288. 17 × 17ಕ್ಕೆ 289 ಬೇಕು, ಈ ಸಲ ಒಂದು ಕಡಿಮೆ. 29 × 29ರ ಎರಡು ಹಾಸು ಎಂದರೆ 1682, 41 × 41 ಎಂದರೆ 1681, ಮತ್ತೆ ಒಂದು ಜಾಸ್ತಿ. ಒಂದೇ ಅಳತೆಯ ಎರಡು ಚೌಕಗಳ ಬೀಜ ಸೇರಿ ಇನ್ನೊಂದು ಚೌಕವನ್ನು ಸರಿಯಾಗಿ ತುಂಬುವುದು ಎಂದಾದರೂ ಉಂಟೇ?

2 ಎಷ್ಟು ಸಲ ಬರುತ್ತದೆ ನೋಡಿ. ಚಿಕ್ಕ ಚೌಕದಲ್ಲಿ 2 ಸಮ ಸಲ ಬರುತ್ತದೆ, ಒಂದೂ ಬರದಿದ್ದರೆ ಸೊನ್ನೆ ಸಲ, ಅದೂ ಸಮವೇ. ಎರಡು ಚೌಕ ಸೇರಿಸಿದರೆ ಇನ್ನೊಂದು 2 ಬಂತು, ಈಗ ಬೆಸ. ದೊಡ್ಡ ಚೌಕದಲ್ಲಿ ಅದು ಸಮವೇ ಇರಬೇಕು. ಬೆಸ ಎಂದೂ ಸಮ ಆಗುವುದಿಲ್ಲ. ಹಾಸು ಎಷ್ಟೇ ದೊಡ್ಡದಾಗಲಿ, ಒಂದು ಬೀಜವಾದರೂ ಹೆಚ್ಚೋ ಕಡಿಮೆಯೋ ಆಗಿಯೇ ಆಗುತ್ತದೆ. 2ರ ವರ್ಗಮೂಲವನ್ನು ಭಿನ್ನರಾಶಿಯಾಗಿ ಬರೆಯಲು ಆಗುವುದಿಲ್ಲ ಎಂದು ಅವಳು ಹೈಸ್ಕೂಲಿನಲ್ಲಿ ಕಲಿಯುತ್ತಾಳಲ್ಲ, ಅದರ ಸಾಧನೆ ಪೂರ್ತಿಯಾಗಿ ಇದೇ: ಹಾಗೆ ಬರೆಯಲು ಆಗಿದ್ದರೆ, ಛೇದದ ಅಳತೆಯ ಎರಡು ಚೌಕಗಳ ಬೀಜ ಸೇರಿ ಅಂಶದ ಅಳತೆಯ ಒಂದು ಚೌಕವನ್ನು ಸರಿಯಾಗಿ ತುಂಬಬೇಕಿತ್ತು. ಆಗ 7ನ್ನು 5ರಿಂದ, 17ನ್ನು 12ರಿಂದ, 41ನ್ನು 29ರಿಂದ ಭಾಗಿಸಿ ನೋಡಲು ಹೇಳಿ. 1.4, 1.4166, 1.4137. ಕೈಯಲ್ಲಿ ಉಳಿದ ಆ ಒಂದು ಬೀಜ ಅವಳಿಗೆ ನೆನಪಿರುತ್ತದೆ.